ಮಂಡಕ್ಕಿ ತಿನ್ನುವಾಗ ಬಂದ ಮಾತು

ನಿನ್ನೆ ಸಂಜೆ ದಾವಣಗೆರೆಯ ಮನೆಯಲ್ಲಿ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಕೂತಿದ್ದೆವು. ದೊಡ್ಡಪ್ಪ ಸುಮ್ನೆ ಕೇಳಿದ ಹಾಗೆ ಕೇಳಿದರು, "ಆ ಲಿವಿಂಗ್ ವಿಲ್ ಅಂತಾರಲ್ಲ, ಅದನ್ನ ಬರೆಸೋಕೆ ಏನೇನು ಬೇಕಪ್ಪಾ?"

ಮಿರ್ಚಿ ಕೈಯಲ್ಲೇ ಉಳಿಯಿತು. ಮುಂದೆ ಹೇಳಲಾಗದ ಸ್ಥಿತಿ ಬಂದರೆ ಜೀವ ಹಿಡಿದಿಡುವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರ ಅದು.

ಇಬ್ಬರು ಸಾಕ್ಷಿ ಸಾಕು, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು ಎಂದೆ. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. 2023ರಲ್ಲಿ ನಿಯಮ ಸಡಿಲವಾಯಿತು. ನಮ್ಮ ರಾಜ್ಯದ ಆದೇಶ ಬಂದಿದ್ದು 2025ರ ಜನವರಿಯಲ್ಲಿ. ಇಂಜೆಕ್ಷನ್ ಕೊಟ್ಟು ಸಾಯಿಸುವುದಲ್ಲ ಇದು. ವಾಸಿಯಾಗುವ ಆಸೆಯೇ ಇಲ್ಲದಾಗ ವೆಂಟಿಲೇಟರ್‌ನಂಥದ್ದನ್ನು ನಿಲ್ಲಿಸುವುದು. ಅದಕ್ಕೂ ವೈದ್ಯರ ಎರಡು ಮಂಡಳಿ ಒಪ್ಪಬೇಕು.

ಕಾನೂನು ಹೇಳುವುದು ಸುಲಭ, ಅಲ್ವಾ? ಅಜ್ಜಿ ಎಂಟು ತಿಂಗಳು ಹಾಸಿಗೆ ಹಿಡಿದಾಗ ದಿನಾ ಬಾಯಿಗೆ ಗಂಜಿ ಹಾಕಿದವರು ಇದೇ ದೊಡ್ಡಪ್ಪ. ಒಂದು ದಿನವೂ ಬೇಸರಪಟ್ಟವರಲ್ಲ. ಈಗ ತಾನು ಯಾರಿಗೂ ಹೊರೆಯಾಗಬಾರದಂತೆ! ಇದು ಘನತೆಯೋ, ನಮ್ಮ ಮೇಲಿನ ಸಂಕೋಚವೋ, ನನಗೆ ಗೊತ್ತಾಗಲಿಲ್ಲ.

ದೊಡ್ಡಮ್ಮ ಒಳಗಿಂದಲೇ ಕೂಗಿದರು, "ಸಾಕ್ಷಿ ಸಹಿ ನಾನಂತೂ ಹಾಕಲ್ಲ. ಟೀ ಆರುತ್ತೆ, ಬನ್ನಿ."