ಹತ್ತಿರದಲ್ಲಿ ಯಾವ ರಿಪೀಟರ್ ಆಕ್ಟಿವ್ ಇದೆ ಅಂತ ಕೇಳುವವರಿಗೆ

ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಕ್ಕಾಗಿ ದೂರದವರೊಡನೆ ಮಾತಾಡುವ ರೇಡಿಯೊ, ಅದರ ಲೈಸೆನ್ಸ್ ಕೈಗೆ ಬಂದ ವಾರದಲ್ಲೇ ಎಲ್ಲರೂ ಕೇಳುವ ಪ್ರಶ್ನೆ ಇದು. ಫೋನಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ.

ಕೈಯಲ್ಲಿ ಹಿಡಿಯುವ ಐದು ವಾಟ್ ಸೆಟ್ಟಿನ ಸಿಗ್ನಲ್ಲಿಗೆ ಗುಡ್ಡವೋ ಕಟ್ಟಡವೋ ಅಡ್ಡ ಬಂದರೆ ಮುಗಿಯಿತು. ಎತ್ತರದಲ್ಲಿ ಕೂರಿಸಿದ ರಿಪೀಟರ್ ಅದನ್ನು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು, ಆ ಕ್ಷಣವೇ ಇನ್ನೊಂದರಲ್ಲಿ ದೂರಕ್ಕೆ ಕಳಿಸುತ್ತದೆ. ಎರಡು ಮೀಟರ್ ಬ್ಯಾಂಡಿನಲ್ಲಿ, ಅಂದರೆ ನಮ್ಮಲ್ಲಿ 144ರಿಂದ 146 ಮೆಗಾಹರ್ಟ್ಸ್, ಈ ಎರಡರ ನಡುವೆ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರ ಇರುತ್ತದೆ, ಅದಕ್ಕೇ ಶಿಫ್ಟ್ ಅನ್ನುವುದು.

ನನಗೆ ಸಿಟ್ಟು ಬರುವುದು 'ಆಕ್ಟಿವ್' ಅನ್ನುವ ಮಾತಿಗೆ. ಮಧ್ಯಾಹ್ನ ಐದು ನಿಮಿಷ ಕೇಳಿ 'ಸತ್ತು ಹೋಗಿದೆ ಮೇಡಂ' ಅನ್ನುತ್ತಾರೆ. ರಿಪೀಟರ್ ಏನು ಎಫ್‌ಎಂ ಸ್ಟೇಷನ್ನಾ? ನೀವೇ ಮಾತಾಡದಿದ್ದರೆ ಅದು ಯಾರ ಮಾತು ದಾಟಿಸಬೇಕು?

ಕಳೆದ ವರ್ಷ ಒಬ್ಬ ಹುಡುಗ ಮನೆಗೆ ಬಂದ. ಲೈಸೆನ್ಸ್ ಬಂದು ಎರಡು ತಿಂಗಳಾಗಿತ್ತು. "ಒಂದ್ಸಲ ಮಾತಾಡೋ ಬಟನ್ ಒತ್ತಿ ಕರೆದೆ, ಯಾರೂ ಬರಲಿಲ್ಲ" ಅಂದ. ಸೆಟ್ ಇಸ್ಕೊಂಡು ನೋಡಿದೆ. ಟೋನ್ ಹಾಕಿರಲಿಲ್ಲ. ಮಾತಿನ ಜೊತೆ ಹೋಗುವ ಆ ಸಣ್ಣ ಸದ್ದು ಇಲ್ಲದಿದ್ದರೆ ನಮ್ಮ ರಿಪೀಟರ್ ಬಾಗಿಲೇ ತೆಗೆಯುವುದಿಲ್ಲ. ಹಾಕಿಕೊಟ್ಟು, ಈಗ ಕರಿ ಅಂದೆ. ಕಾಲ್‌ಸೈನ್, ಅಂದರೆ ಲೈಸೆನ್ಸಿನ ಜೊತೆ ಸಿಕ್ಕ ಗುರುತಿನ ಹೆಸರು, ಹೇಳಿ ಬೆರಳು ತೆಗೆದ. ರಿಪೀಟರ್ ಒಂದು ಗಳಿಗೆ ಉಸ್ಸೆಂದು ಸುಮ್ಮನಾಯಿತು. ಮತ್ತೆ ಕರಿ ಅಂದೆ. ಮೂರನೇ ಸಲಕ್ಕೆ ಹಿರಿಯರೊಬ್ಬರ ದನಿ ಬಂತು. ಯಾರಾದರೂ ಕರೆದಾರು ಅಂತ ಮನೆಯಲ್ಲಿ ದಿನವಿಡೀ ಸೆಟ್ ಆನ್ ಮಾಡಿಟ್ಟಿರುತ್ತಾರಂತೆ. ಮುಕ್ಕಾಲು ಗಂಟೆ ಮಾತಾಡಿದರು. ಹುಡುಗನಿಗೆ ಕೊಟ್ಟ ಕಾಫಿ ಆರಿಹೋಯಿತು.

ಇಂಟರ್ನೆಟ್ಟಿನ ಪಟ್ಟಿಯನ್ನು ಪೂರ್ತಿ ನಂಬಬೇಡಿ. ನಿಂತುಹೋದ ರಿಪೀಟರ್‌ಗಳೂ ಅದರಲ್ಲಿ ಹಾಗೇ ಉಳಿದಿರುತ್ತವೆ. ಊರಿನ ಹ್ಯಾಮ್‌ಗಳನ್ನು ಕೇಳಿ ಫ್ರೀಕ್ವೆನ್ಸಿ, ಶಿಫ್ಟ್, ಟೋನ್ ಮೂರನ್ನೂ ಬರೆದುಕೊಳ್ಳಿ. ನೆಟ್, ಅಂದರೆ ಗೊತ್ತಾದ ಹೊತ್ತಿಗೆ ಹ್ಯಾಮ್‌ಗಳು ರೇಡಿಯೊದಲ್ಲಿ ಸೇರುವ ಕೂಟ, ಎಷ್ಟು ಹೊತ್ತಿಗೆ ಅಂತಲೂ ಕೇಳಿ, ಎಲ್ಲರೂ ಸಿಗುವುದು ಆಗಲೇ. ಟೆರೇಸ್ ಹತ್ತಿ ಕರೆಯಿರಿ.

ಯಾರಾದರೂ ಕೇಳಲಿ ಅಂತ ನಾನು ಕಾಯುವ ಪ್ರಶ್ನೆ ಬೇರೆಯೇ ಇದೆ. ಆ ರಿಪೀಟರನ್ನು ನೋಡಿಕೊಳ್ಳುವವರು ಯಾರು? ಸಿಡಿಲಿಗೆ ಆಂಟೆನಾ ಹೋಗುತ್ತದೆ. ಮಳೆಗಾಲದಲ್ಲಿ ಕೇಬಲ್ಲಿನೊಳಗೆ ನೀರು ಇಳಿಯುತ್ತದೆ. ಇಲಿ ವೈರ್ ಕಡಿಯುತ್ತದೆ. ಕಟ್ಟಡದ ಮಾಲೀಕರು ಬದಲಾದರೆ ಜಾಗಕ್ಕಾಗಿ ಮತ್ತೆ ಕೈ ಮುಗಿಯಬೇಕು. ಖರ್ಚೆಲ್ಲ ನಾಲ್ಕು ಜನರ ಜೇಬಿನದು, ಆ ನಾಲ್ವರಿಗೂ ವಯಸ್ಸಾಗುತ್ತಿದೆ. 2004ರ ಸುನಾಮಿಯಾದಾಗ ಅಂಡಮಾನಿನಿಂದ ಸುದ್ದಿ ದಾಟಿಸಿದವರು ಹ್ಯಾಮ್‌ಗಳು ಅಂತ ಹೆಮ್ಮೆಯಿಂದ ಹೇಳುತ್ತೇವೆ. ಅಂಥ ದಿನ ನಮ್ಮೂರಿಗೆ ಬಂದರೆ ರಿಪೀಟರ್ ಬ್ಯಾಟರಿಯಲ್ಲಿ ಚಾರ್ಜ್ ಇರಬೇಕು, ಅಲ್ವಾ?

ಆ ಹುಡುಗ ಈಗ ನಮ್ಮ ಜೊತೆ ಮೇಲೆ ಹತ್ತುತ್ತಾನೆ. ಬರುವ ಭಾನುವಾರ ಬ್ಯಾಟರಿ ಬದಲಿಸಬೇಕು. ಲಿಫ್ಟ್ ಇಲ್ಲ, ಭಾರ ಜಾಸ್ತಿ. ಇನ್ನಿಬ್ಬರು ಬೇಕು.