ಇದು ಯಾರದ್ದು?

ಬಿ.ಎಸ್ಸಿ. ಮುಗಿಸಿ ನಾನು ನಮ್ಮ ಕಾಲೇಜಿಗೆ ಕಾನೂನು ಓದಲು ಸೇರಿದ್ದು 2001ರಲ್ಲಿ. ಬೆಂಚಿನ ಮೇಲೆ ಪೆನ್ನೊಂದು ಬಿದ್ದಿದ್ದರೆ ಸಾಕು, ಮೇಷ್ಟ್ರು ಎತ್ತಿ ಹಿಡಿದು "ಇದು ಯಾರದ್ದು?" ಅನ್ನುತ್ತಿದ್ದರು. "ನಂದು ಸಾರ್" ಅಂದರೆ ಬಿಡುತ್ತಿರಲಿಲ್ಲ. "ಹೇಗೆ ನಿಂದು? ಕೊಂಡಿದ್ದಾ, ಯಾರಾದ್ರೂ ಕೊಟ್ಟಿದ್ದಾ? ಕಾಗದ ಎಲ್ಲಿದೆ?" ಅವತ್ತಿನ ಪಾಠವೆಲ್ಲ ಆ ಪೆನ್ನಿನ ಮೇಲೆಯೇ. ಬೌದ್ಧಿಕ ಆಸ್ತಿ, ಅಂದರೆ ಹೊಸ ಶೋಧದ ಹಕ್ಕು (ಪೇಟೆಂಟ್), ಬರೆದದ್ದರ ಹಕ್ಕು (ಕಾಪಿರೈಟ್) ಇಂಥವುಗಳ ವಿಷಯ ತೆಗೆದುಕೊಂಡವರು ನಾವು ಏಳೇ ಜನ. ಉಳಿದವರ ಕಣ್ಣೆಲ್ಲ ಸೈಟಿನ ಜಗಳಗಳ ಮೇಲಿತ್ತು. ಬೆಂಗಳೂರಲ್ಲಿ ಅದಕ್ಕೇನು ಬರವೇ?

ಗಾಂಧಿನಗರದ ಸೀನಿಯರ್ ಒಬ್ಬರ ಹತ್ತಿರ ಕೆಲಸ ಕಲಿತೆ. ಪೇಟೆಂಟ್ ಏಜೆಂಟ್ ಪರೀಕ್ಷೆಗೆ ವಿಜ್ಞಾನದ ಡಿಗ್ರಿ ಬೇಕೇ ಬೇಕು, ಹಾಗಾಗಿ ಬಿ.ಎಸ್ಸಿ. ದಂಡವಾಗಲಿಲ್ಲ. ನಮ್ಮ ಪೇಟೆಂಟ್ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಎಷ್ಟು ಸಲ ರಾತ್ರಿ ರೈಲು ಹತ್ತಿದ್ದೇನೋ, ಲೆಕ್ಕವಿಲ್ಲ.

ಆಮೇಲೆ ಸ್ಟಾರ್ಟಪ್ ಹುಡುಗರು ಬರತೊಡಗಿದರು. ಎಲ್ಲರದ್ದೂ ಒಂದೇ ಮಾತು: "ಮೇಡಂ, ನಮ್ ಆ್ಯಪ್‌ಗೆ ಪೇಟೆಂಟ್ ಮಾಡಿಸ್ಕೊಡಿ." ಬರೀ ಕಂಪ್ಯೂಟರ್ ಪ್ರೋಗ್ರಾಮ್‌ಗೆ ನಮ್ಮಲ್ಲಿ ಪೇಟೆಂಟ್ ಸಿಗುವುದಿಲ್ಲ, 1970ರ ಪೇಟೆಂಟ್ ಕಾಯಿದೆಯ 3(ಕೆ) ಕಲಂ ಓದಿ ಅಂದರೆ ಮುಖ ಸಪ್ಪಗಾಗುತ್ತಿತ್ತು. ಆಗ ನಾನು ಮೇಷ್ಟ್ರ ಪ್ರಶ್ನೆ ಎತ್ತುತ್ತಿದ್ದೆ. ಕೋಡ್ ಬರೆದವರು ಯಾರು? "ನಮ್ ಫ್ರೆಂಡೇ ಮೇಡಂ, ದುಡ್ಡು ಕೊಟ್ಟಿದೀವಲ್ಲ." ಸಂಬಳದ ನೌಕರ ಬರೆದರೆ ಅದು ಕಂಪನಿಯದ್ದು. ಹೊರಗಿನವನು ಬರೆದರೆ, ದುಡ್ಡು ಕೊಟ್ಟಿದ್ದರೂ ಕಾಪಿರೈಟ್ ಅವನದೇ, ಹಕ್ಕನ್ನು ಕಾಗದದ ಮೇಲೆ ಬರೆದುಕೊಡುವವರೆಗೂ ನಿಮ್ಮದಲ್ಲ. ಕೋರಮಂಗಲದ ಇಬ್ಬರಂತೂ ಫ್ರೆಂಡ್ ಜೊತೆ ಮಾತು ಬಿಟ್ಟು ಒಂದು ವರ್ಷವಾಗಿತ್ತು. ಮೂವರನ್ನೂ ಒಂದು ದರ್ಶಿನಿಯಲ್ಲಿ ನಿಲ್ಲಿಸಿ, ಎರಡು ಸುತ್ತು ಕಾಫಿ ಕುಡಿಸಿ ಸಹಿ ಹಾಕಿಸಿದೆ. ಅರ್ಧ ವಕೀಲಿಕೆ, ಅರ್ಧ ಸಂಧಾನ.

2016ರಲ್ಲಿ ನನಗೂ ಆ ಗಾಳಿ ಹೊಡೆಯಿತು. ಟ್ರೇಡ್‌ಮಾರ್ಕನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಜನ ಮರೆಯುತ್ತಾರೆ. ಅದನ್ನು ನೆನಪಿಸುವ ಸಾಫ್ಟ್‌ವೇರ್ ಮಾಡೋಣ ಅಂತ ಕಂಪನಿ ಶುರು ಮಾಡಿದೆ. ವಕೀಲರು ಸ್ವಂತ ವ್ಯಾಪಾರ ನಡೆಸುವಂತಿಲ್ಲ, ಅಲ್ವಾ? ಬಾರ್ ಕೌನ್ಸಿಲ್‌ಗೆ ಬರೆದುಕೊಟ್ಟು ವಕೀಲಿಕೆಯ ಸನ್ನದು ಅಮಾನತಿನಲ್ಲಿಟ್ಟೆ. ಕರಿಕೋಟು ಬೀರುವಿನೊಳಗೆ ಹೋದ ದಿನ ಅಮ್ಮ ಊಟ ಮಾಡಲಿಲ್ಲ.

ಮೊದಲ ಕೋಡ್ ಬರೆದವನು ಚಿಕ್ಕಪ್ಪನ ಮಗ. ಅವನಿಂದ ಕಾಗದ ಬರೆಸಿಕೊಂಡೆ, ಬಿಡುತ್ತೇನೆಯೇ! ಐದು ವರ್ಷ ದಾಟಿದ ಮೇಲೆ ಬಂಡವಾಳ ಹಾಕುವವರು ಬಂದರು. ಅವರ ಕಡೆಯ ವಕೀಲ, ನನಗಿಂತ ತುಂಬಾ ಚಿಕ್ಕ ಹುಡುಗ, ಫೋನ್ ಮಾಡಿದ. "ಮೇಡಂ, ಇದರಲ್ಲಿ ಅವಧಿ ಬರೆದಿಲ್ಲವಲ್ಲ?"

ಅವಧಿ ಬರೆಯದಿದ್ದರೆ ಕಾಪಿರೈಟ್ ವರ್ಗಾವಣೆ ಐದೇ ವರ್ಷ ಅಂತ ಕಾಪಿರೈಟ್ ಕಾಯಿದೆಯ 19ನೇ ಕಲಂ. ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇದನ್ನು ಎಷ್ಟು ಜನರಿಗೆ ಬುದ್ಧಿ ಹೇಳಿದ್ದೆನೋ. ಮನೆಯವನು ತಾನೇ ಅಂತ ನನ್ನದನ್ನೇ ಅವಸರದಲ್ಲಿ ಒಂದು ಪುಟಕ್ಕೆ ಮುಗಿಸಿದ್ದೆ. ಊರಿಗೆಲ್ಲ ತಾರೀಖು ನೆನಪಿಸುವ ಸಾಫ್ಟ್‌ವೇರ್ ನನ್ನ ತಾರೀಖನ್ನೇ ನುಂಗಿತ್ತು.

ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದೆ. ಕೆಮ್ಮು ಬರುವಷ್ಟು ನಕ್ಕರು. "ಹಾಗಾದ್ರೆ ಈಗ ಯಾರದ್ದಮ್ಮ ಅದು?"

ಭಾನುವಾರ ಚಿಕ್ಕಪ್ಪನ ಮಗ ಜಯನಗರದ ನಮ್ಮ ಮನೆಗೆ ಬಂದ. ಹೊಸ ಕಾಗದವನ್ನು ಎರಡು ಸಲ ಓದಿದ, ಈ ಸಲ ಅವನಿಗೂ ಅನುಮಾನ. "ಪೆನ್ನು ಕೊಡಕ್ಕ" ಅಂದ. ಸಹಿ ಹಾಕಿದ, ಉಪ್ಪಿಟ್ಟು ತಿಂದ, ನನ್ನ ಪೆನ್ನನ್ನು ಜೇಬಿಗಿಟ್ಟುಕೊಂಡು ಹೊರಟೇಹೋದ.