ಗಂಗಿಯ ಉಗುರು, ಗಂಗಿಯ ಒಪ್ಪಿಗೆ: ಮುಧೋಳ ನಾಯಿಯೊಂದರ ಆರೈಕೆಯ ಪ್ರಗತಿ ದಾಖಲೆ

ಏಪ್ರಿಲ್

ಲೋಕಾಪುರದ ಕಡೆಯ ರೈತರೊಬ್ಬರ ಹೊಲದ ಮನೆಯಲ್ಲಿ ಬೆಳೆದು ಈಗ ಧಾರವಾಡದ ನಮ್ಮ ಮನೆಗೆ ಬಂದಿರುವ ಗಂಗಿ, ಮೂರು ವರ್ಷದ ಮುಧೋಳ ಹೆಣ್ಣುನಾಯಿ. ಅಪರಿಚಿತರ ಕೈ ಮೈಮೇಲೆ ಬೀಳುವುದನ್ನು ಈ ತಳಿ ಸಹಿಸುವುದಿಲ್ಲವೆಂಬುದು ಮುಧೋಳ ಸೀಮೆಯಲ್ಲಿ ನಾಯಿ ಸಾಕಿದವರಿಗೆಲ್ಲ ತಿಳಿದ ಮಾತು. ದೂರದ ಬೇಟೆಯನ್ನು ಕಣ್ಣಿನಿಂದಲೇ ಗುರುತಿಸಿ ಬೆನ್ನಟ್ಟುವುದಕ್ಕೆಂದು ರೂಪುಗೊಂಡ ನಾಯಿಯ ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ, ಸಣ್ಣ ಸ್ಪರ್ಶಕ್ಕೂ ಬೆಚ್ಚುವ ಎಚ್ಚರ ಹೆಚ್ಚು. ಗಂಗಿ ಕತ್ತು ಮತ್ತು ಬೆನ್ನನ್ನು ಸವರಲು ಬಿಡುತ್ತಾಳೆ. ಕೈ ಮೊಣಕಾಲಿನಿಂದ ಕೆಳಗೆ ಇಳಿದರೆ ಕಾಲನ್ನು ಹಿಂದಕ್ಕೆಳೆದುಕೊಂಡು ಎದ್ದುಹೋಗುತ್ತಾಳೆ, ಕಿವಿಯ ಒಳಭಾಗವನ್ನಂತೂ ನೋಡಲೂ ಬಿಡುವುದಿಲ್ಲ.

ಗಿಡ್ಡ ಕೂದಲಿನ ನಾಯಿಗೆ ಗ್ರೂಮಿಂಗ್ ಬೇಡವೆಂದು ಹಲವರು ಹೇಳುತ್ತಾರೆ. ಕೂದಲಿನ ಮಟ್ಟಿಗೆ ಅದು ನಿಜ: ವಾರಕ್ಕೊಮ್ಮೆ ರಬ್ಬರ್ ಬ್ರಷ್ಷಿನಿಂದ ತಿಕ್ಕಿದರೆ ಸಾಕು. ಆದರೆ ಉಗುರು, ಕಿವಿ, ಹಲ್ಲು, ಕಾಲ್ಬೆರಳುಗಳ ಸಂದು, ಇವೆಲ್ಲ ಎಲ್ಲ ನಾಯಿಗಳಿಗೂ ಇರುತ್ತವೆ. ಮುರುಮಿನ ದಾರಿಯಲ್ಲೂ ಕಲ್ಲುಬದುವಿನ ಮೇಲೂ ಓಡಾಡುವಾಗ ತಾನಾಗಿ ಸವೆಯುತ್ತಿದ್ದ ಗಂಗಿಯ ಉಗುರುಗಳು ನಮ್ಮ ಮನೆಯ ನುಣುಪು ನೆಲದ ಮೇಲೆ ಸವೆಯದೆ ಬೆಳೆದು, ಅವಳು ನಡೆದಾಗಲೆಲ್ಲ ಟಕಟಕ ಸದ್ದು ಮಾಡುತ್ತಿವೆ. ಉಗುರು ನೆಲಕ್ಕೆ ತಾಗಿದಷ್ಟೂ ಬೆರಳು ಮೇಲಕ್ಕೆ ತಳ್ಳಲ್ಪಟ್ಟು ನಾಯಿಯ ನಿಲುವು ಕೆಡುತ್ತದೆ, ಕೀಲುಗಳಿಗೆ ಶ್ರಮವಾಗುತ್ತದೆ, ಓಡುವಾಗ ಉಗುರು ಸಿಕ್ಕಿ ಸೀಳುವ ಅಪಾಯವೂ ಇರುತ್ತದೆ.

ಇದಕ್ಕೆ ನಮ್ಮಲ್ಲಿ ರೂಢಿಯಲ್ಲಿರುವ ದಾರಿಯೆಂದರೆ ಮೂವರು ಸೇರಿ ನಾಯಿಯನ್ನು ಒತ್ತಿ ಹಿಡಿದು, ಬಾಯಿ ಕಟ್ಟಿ, ನಾಲ್ಕೂ ಕಾಲುಗಳ ಉಗುರುಗಳನ್ನು ಒಂದೇ ಸಲಕ್ಕೆ ಕತ್ತರಿಸಿ ಬಿಡುವುದು. ಉಗುರು ಕತ್ತರಿಸಿದಂತಾಗುತ್ತದೆ, ಆದರೆ ಮುಂದಿನ ಸಲ ನಾಯಿಯ ಹೆದರಿಕೆ ಕತ್ತರಿಯನ್ನು ಕಂಡಾಗಲೇ ಆರಂಭವಾಗುತ್ತದೆ, ಅದರ ಮುಂದಿನ ಸಲ ಆ ಕೋಣೆಯ ಬಾಗಿಲಲ್ಲೇ. ಒತ್ತಿ ಹಿಡಿದ ನಾಯಿ ಕೊನೆಗೆ ಮರಗಟ್ಟಿದಂತೆ ಬಿದ್ದುಕೊಂಡಿದ್ದರೆ ಅದನ್ನು ‘ಶಾಂತವಾಯಿತು’ ಎಂದು ತಿಳಿಯುವುದು ಅನ್ಯಾಯವೆಂದು ನಾನು ನಂಬುತ್ತೇನೆ. ಅದು ತಪ್ಪಿಸಿಕೊಳ್ಳುವ ಆಸೆಯನ್ನು ಕೈಬಿಟ್ಟಿದೆ, ಅಷ್ಟೆ. ಉಗುರಿಗಾಗಿ ಮತ್ತುಬರಿಸುವ ಔಷಧಿ ಕೊಡುವುದೂ ನಮಗೆ ಸಮ್ಮತವಿಲ್ಲ; ಗ್ರೇಹೌಂಡ್‌ನಂಥ ಕೃಶದೇಹದ ತಳಿಗಳಲ್ಲಿ ಬಾರ್ಬಿಚುರೇಟ್ ವರ್ಗದ ಅರಿವಳಿಕೆ ದೇಹದಿಂದ ಹೊರಹೋಗಲು ಇತರ ನಾಯಿಗಳಿಗಿಂತ ಹೆಚ್ಚು ಸಮಯ ಹಿಡಿಯುತ್ತದೆಂಬುದು ಪಶುವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಆದ್ದರಿಂದ ನಮ್ಮ ಗುರಿ ಇದು: ಗಂಗಿ ತಾನಾಗಿ ಬಂದು ನಿಲ್ಲಬೇಕು, ಬೇಡವೆನಿಸಿದಾಗ ಹೊರಟುಹೋಗುವ ಸ್ವಾತಂತ್ರ್ಯ ಅವಳಿಗೆ ಇರಬೇಕು, ಆ ಸ್ವಾತಂತ್ರ್ಯ ಇದ್ದೂ ಅವಳು ನಿಂತಿರಬೇಕು.

ಮೇ

ಈ ತಿಂಗಳು ಯಾವ ಉಪಕರಣವೂ ಇಲ್ಲ, ಕೇವಲ ಸ್ಪರ್ಶ ಮತ್ತು ತಿನಿಸು. ಇವೆರಡರ ಕ್ರಮವೇ ಇಡೀ ಕೆಲಸದ ಜೀವಾಳ. ಮೊದಲು ಭುಜವನ್ನು ಒಂದು ಕ್ಷಣ ಮುಟ್ಟಿ, ಕೈ ತೆಗೆದು, ಆಮೇಲೆ ಬೇಯಿಸಿದ ಕೋಳಿಮಾಂಸದ ಚೂರು ಕೊಡಬೇಕು. ತಿನಿಸನ್ನು ಮೊದಲು ತೋರಿಸಿ, ನಾಯಿ ಅದನ್ನು ತಿನ್ನುತ್ತಿರುವಾಗ ಕದ್ದು ಮುಟ್ಟಿದರೆ, ತಿನಿಸೇ ಅಪಾಯದ ಮುನ್ಸೂಚನೆಯಾಗಿಬಿಡುತ್ತದೆ. ಒಂದರ ಹಿಂದೆ ಇನ್ನೊಂದು ಬರುತ್ತಿದ್ದರೆ ಮೊದಲನೆಯದೇ ಎರಡನೆಯದರ ಸೂಚನೆಯಾಗುತ್ತದೆಂದು ರಷ್ಯಾದ ವಿಜ್ಞಾನಿ ಪಾವ್ಲೊವ್ ನಾಯಿಗಳಲ್ಲಿ ಕಂಡ ನಿಯಮವೇ ನಮಗೆ ತಿರುಗುಬಾಣವಾಗುತ್ತದೆ. ಸ್ಪರ್ಶವಾದ ಕೂಡಲೇ ಗಂಗಿ ಕಿವಿಯನ್ನು ಸಡಿಲಬಿಟ್ಟು ನನ್ನ ಕೈಯತ್ತ ನೋಡಲು ಆರಂಭಿಸಿದರೆ, ಅವಳು ಒಳ್ಳೆಯದನ್ನು ನಿರೀಕ್ಷಿಸುತ್ತಿದ್ದಾಳೆಂದು ಅರ್ಥ. ಆಗ ಮಾತ್ರ ಭುಜದಿಂದ ಒಂದು ಗೇಣಿನಷ್ಟು ಕೆಳಗೆ ಇಳಿಯುತ್ತೇವೆ.

ಹಾಗೆ ನಿರೀಕ್ಷಿಸುತ್ತಿದ್ದಾಳೋ ಅಥವಾ ಸಹಿಸಿಕೊಳ್ಳುತ್ತಿದ್ದಾಳೋ ಎಂಬುದನ್ನು ತಿಳಿಯಲು ಅವಳ ಮೈಯನ್ನು ಓದಬೇಕು. ಹಸಿವಿಲ್ಲದಿದ್ದರೂ ತುಟಿ ನೆಕ್ಕುವುದು, ನಿದ್ದೆಯಿಲ್ಲದಿದ್ದರೂ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರುವುದು, ದೇಹದ ಭಾರವನ್ನು ಹಿಂಗಾಲಿನ ಮೇಲೆ ಹಾಕುವುದು: ನಾರ್ವೆಯ ತರಬೇತುದಾರ್ತಿ ಟೂರಿಡ್ ರೂಗೋಸ್ ಇಂಥ ಸೂಕ್ಷ್ಮ ಸಂಜ್ಞೆಗಳತ್ತ ನಾಯಿಪ್ರಿಯರ ಗಮನವನ್ನು ಸೆಳೆದವರಲ್ಲಿ ಪ್ರಮುಖರು. ಗುರ್ರೆನ್ನುವುದು ಇವೆಲ್ಲವನ್ನೂ ನಾವು ಕಡೆಗಣಿಸಿದ ನಂತರ ಬರುವ ಸಂಜ್ಞೆ, ಅದಕ್ಕಾಗಿ ನಾಯಿಯನ್ನು ಗದರಿಸಲೇಬಾರದು. ಗದರಿಸಿದರೆ ಗುರುಗುಟ್ಟುವುದು ನಿಲ್ಲುತ್ತದೆ, ಹೆದರಿಕೆ ನಿಲ್ಲುವುದಿಲ್ಲ. ಮುಂದೆ ಅದು ಎಚ್ಚರಿಕೆ ಕೊಡದೆ ಕಚ್ಚುವ ನಾಯಿಯಾಗುತ್ತದೆ.

ತಿಂಗಳ ಕೊನೆಗೆ ಮುಂಗಾಲಿನ ಮಣಿಕಟ್ಟಿನವರೆಗೆ ಬಂದಿದ್ದೇವೆ. ಹಿಂಗಾಲು ಇನ್ನೂ ದೂರದ ಮಾತು.

ಜೂನ್, ಜುಲೈ

ಮಳೆ ಹಿಡಿದ ಮೇಲೆ ಹೊರಗಿನ ಓಡಾಟ ಕಡಿಮೆಯಾಗಿ, ಒಳಗಿನ ಅಭ್ಯಾಸಕ್ಕೆ ಒಳ್ಳೆಯ ಅವಕಾಶ ದೊರಕಿತು. ಈ ಎರಡು ತಿಂಗಳ ಮುಖ್ಯ ಪಾಠ ಗದ್ದ ಊರುವುದು. ತಗ್ಗಾದ ಸ್ಟೂಲಿನ ಮೇಲೆ ಮಡಿಸಿದ ಕಂಬಳಿ ಇಟ್ಟು, ಗಂಗಿ ಅದರ ಮೇಲೆ ಗದ್ದವನ್ನಿಟ್ಟರೆ ತಿನಿಸು; ಎಷ್ಟು ಹೊತ್ತು ಇಟ್ಟಿರುತ್ತಾಳೋ ಅಷ್ಟು ಹೊತ್ತು ಸಣ್ಣ ಸಣ್ಣ ತುಣುಕುಗಳು ಬರುತ್ತಲೇ ಇರುತ್ತವೆ. ಅದು ಗಟ್ಟಿಯಾದ ಮೇಲೆ ಹೊಸ ಷರತ್ತು ಸೇರಿಸಿದೆವು: ಗದ್ದ ಕಂಬಳಿಯ ಮೇಲಿರುವಾಗ ಮಾತ್ರ ನಾನು ಕಾಲನ್ನು ಮುಟ್ಟುತ್ತೇನೆ, ಗದ್ದ ಎತ್ತಿದ ಕ್ಷಣವೇ ನನ್ನ ಕೈ ಹಿಂದಕ್ಕೆ ಹೋಗುತ್ತದೆ. ಬ್ರಿಟನ್ನಿನ ತರಬೇತುದಾರ ಚಿರಾಗ್ ಪಟೇಲ್ ಜನಪ್ರಿಯಗೊಳಿಸಿದ ಬಕೆಟ್ ಆಟದ ತತ್ವವೂ ಇದೇ ಆಗಿದೆ. ಅಲ್ಲಿ ನಾಯಿ ತಿನಿಸಿನ ಡಬ್ಬಿಯನ್ನು ನೋಡುತ್ತಿರುವವರೆಗೆ ಕೆಲಸ ನಡೆಯುತ್ತದೆ, ನೋಟ ತೆಗೆದರೆ ನಿಲ್ಲುತ್ತದೆ. ಮನುಷ್ಯರ ವಶದಲ್ಲಿರುವ ಡಾಲ್ಫಿನ್‌ಗಳು ಬಾಲವನ್ನು ತಾವಾಗಿ ಚಾಚಿ ರಕ್ತದ ಮಾದರಿ ಕೊಡುವುದೂ ಇಂಥ ತರಬೇತಿಯಿಂದಲೇ. ನೀರಿನಲ್ಲಿರುವ ಅಷ್ಟು ದೊಡ್ಡ ಪ್ರಾಣಿಯ ಒಪ್ಪಿಗೆಯನ್ನು ಗಳಿಸಬಹುದಾದರೆ, ಮನೆಯಂಗಳದ ನಾಯಿಯ ಒಪ್ಪಿಗೆಯನ್ನು ಕೇಳದಿರಲು ನಮಗೆ ಯಾವ ನೆಪವೂ ಉಳಿಯುವುದಿಲ್ಲ.

ಆರಂಭದಲ್ಲಿ ಗಂಗಿ ಪದೇ ಪದೇ ಗದ್ದ ಎತ್ತಿದಳು, ಎತ್ತಿದಾಗಲೆಲ್ಲ ನಾವು ಕೈ ತೆಗೆದೆವು. ತನ್ನ ಮಾತು ನಡೆಯುತ್ತದೆಂದು ಅವಳಿಗೆ ಖಚಿತವಾದ ಮೇಲೆ ಎತ್ತುವುದು ತಾನಾಗಿ ಕಡಿಮೆಯಾಗುತ್ತ ಬಂತು. ಬೇಡವೆನ್ನುವ ಹಕ್ಕನ್ನು ಕೊಟ್ಟರೆ ನಾಯಿ ಯಾವಾಗಲೂ ಬೇಡವೆಂದೇ ಹೇಳುತ್ತದೆ ಎಂಬ ಭಯ ಮನೆಯ ಹಿರಿಯರಿಗಿತ್ತು. ಈಗ ಅವರೇ ಸಂಜೆ ಕಂಬಳಿ ಹಾಸಿ ಗಂಗಿಯನ್ನು ಕರೆಯುತ್ತಾರೆ.

ನೆಲದ ವಿಷಯವನ್ನೂ ಬರೆದಿಡಬೇಕು. ಜಾರುವ ಗ್ರಾನೈಟಿನ ಮೇಲೆ ಮೂರು ಕಾಲಿನಲ್ಲಿ ನಿಲ್ಲುವುದು ಉದ್ದಕಾಲಿನ ನಾಯಿಗೆ ಕಷ್ಟ, ಆ ಅಸ್ಥಿರತೆಯನ್ನೇ ನಾವು ಹಟವೆಂದು ತಿಳಿಯುವ ಸಾಧ್ಯತೆಯಿದೆ. ರಬ್ಬರ್ ಚಾಪೆ ಹಾಸಿದ ದಿನದಿಂದ ಗಂಗಿ ಪಂಜವನ್ನು ಎತ್ತಲು ಬಿಡುವ ಅವಧಿ ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಕಾಲನ್ನು ಪಕ್ಕಕ್ಕೆ ಎಳೆಯಬಾರದು. ನಾಯಿಯ ಭುಜ ಮುಖ್ಯವಾಗಿ ಹಿಂದೆ ಮುಂದೆ ಚಲಿಸುವಂತೆ ರಚನೆಯಾಗಿದೆ, ಆದ್ದರಿಂದ ಪಂಜವನ್ನು ದೇಹದ ನೇರಕ್ಕೆ, ತಗ್ಗಿನಲ್ಲೇ, ಹಿಂದಕ್ಕೆ ಮಡಿಸಿ ಹಿಡಿಯಬೇಕು.

ಮಳೆಗಾಲದ ಉಣ್ಣಿಗಳು ನಮಗೆ ದಿನನಿತ್ಯದ ಅಭ್ಯಾಸವನ್ನೇ ಒದಗಿಸಿದವು. ನಮ್ಮ ಕಡೆ ಸಾಮಾನ್ಯವಾದ ಕಂದು ಉಣ್ಣಿ ಎರ್ಲಿಕಿಯೋಸಿಸ್ ಮತ್ತು ಬೇಬಿಸಿಯೋಸಿಸ್ ರೋಗಗಳನ್ನು ಹರಡುತ್ತದೆ, ಅದು ಅಡಗುವುದೂ ನಾಯಿ ಮುಟ್ಟಗೊಡದ ಜಾಗಗಳಲ್ಲೇ: ಕಾಲ್ಬೆರಳ ಸಂದು, ಕಿವಿಯ ಮಡಿಕೆ, ಕೊರಳಪಟ್ಟಿಯ ಕೆಳಗೆ. ಸೀಮೆಎಣ್ಣೆ ಸುರಿಯುವ ಹಳೆಯ ಪದ್ಧತಿ ಚರ್ಮವನ್ನು ಸುಡುತ್ತದೆ, ಬೇಡವೇ ಬೇಡ. ಚಿಮಟಿಗೆಯಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯುವುದು ಸರಿಯಾದ ವಿಧಾನ, ಜೊತೆಗೆ ವೈದ್ಯರು ಸೂಚಿಸಿದ ಔಷಧಿ.

ಸ್ನಾನ ನಿರಾಯಾಸವಾಗಿ ಸಾಗಿತು: ಉಗುರುಬೆಚ್ಚಗಿನ ನೀರು, ನಾಯಿಗಳಿಗೆಂದೇ ಮಾಡಿದ ಶಾಂಪೂ, ತಲೆಯ ಮೇಲೆ ಸುರಿಯದೆ ಒದ್ದೆಬಟ್ಟೆಯಿಂದ ಮುಖ ಒರೆಸುವುದು.

ಆಗಸ್ಟ್, ಸೆಪ್ಟೆಂಬರ್

ಉಗುರುಕತ್ತರಿಯನ್ನು ಮೊದಲು ಸುಮ್ಮನೆ ಚಾಪೆಯ ಮೇಲಿಟ್ಟೆವು. ಗಂಗಿ ಅದನ್ನು ಮೂಸಿದಳು, ತಿನಿಸು ಸಿಕ್ಕಿತು. ಬಳಿಕ ಕತ್ತರಿಯ ಹಿಂಬದಿಯಿಂದ ಪಂಜವನ್ನು ಮುಟ್ಟುವುದು, ಬಳಿಕ ಉಗುರಿಗೆ ತಾಗಿಸುವುದು. ಕತ್ತರಿಯ ಕಟಕ್ ಸದ್ದು ಬೇರೆಯೇ ಒಂದು ಹೆದರಿಕೆಯಾದ್ದರಿಂದ, ಹಸಿ ಶಾವಿಗೆಯ ಗಟ್ಟಿ ಎಳೆಗಳನ್ನು ಅವಳ ಕಾಲಿನ ಪಕ್ಕದಲ್ಲಿ ಕತ್ತರಿಸುತ್ತ, ಪ್ರತಿ ಸದ್ದಿಗೂ ತಿನಿಸು ಕೊಡುತ್ತ ಹೋದೆವು. ಇದು ಬಹಳ ಉಪಯುಕ್ತವಾದ ಹೆಜ್ಜೆ, ಯಾರೂ ಇದನ್ನು ಬಿಡಬಾರದು.

ಗಂಗಿಯ ಉಗುರುಗಳು ಕಪ್ಪು. ಬಿಳಿ ಉಗುರಿನಲ್ಲಿ ರಕ್ತನಾಳವೂ ನರವೂ ಇರುವ ಕ್ವಿಕ್ ಎಂಬ ಭಾಗ ಗುಲಾಬಿ ಬಣ್ಣದಲ್ಲಿ ಹೊರಗಿನಿಂದಲೇ ಕಾಣುತ್ತದೆ. ಕಪ್ಪು ಉಗುರಿನಲ್ಲಿ ಹಾಗೆ ಕಾಣುವುದಿಲ್ಲವಾದ್ದರಿಂದ ಒಂದು ಮಿಲಿಮೀಟರಿನಷ್ಟು ತೆಳುವಾಗಿ ಹೆರೆಯುತ್ತ, ಪ್ರತಿ ಸಲ ಕತ್ತರಿಸಿದ ಮುಖವನ್ನು ನೋಡಬೇಕು. ಮೊದಲು ಅದು ಒಣಗಿದ ಸುಣ್ಣದಂತೆ ಪುಡಿಪುಡಿಯಾಗಿ ಕಾಣುತ್ತದೆ; ನಡುವೆ ಹಸಿಯಾದ, ಗಾಢವಾದ ಚುಕ್ಕೆ ಮೂಡತೊಡಗಿದರೆ ಅಲ್ಲಿಗೆ ನಿಲ್ಲಿಸಬೇಕು. ರಕ್ತ ಬಂದರೆ ಒತ್ತಲು ಪಟಿಕದ ಪುಡಿಯನ್ನು ಹತ್ತಿರ ಇಟ್ಟುಕೊಂಡಿದ್ದೆವು, ಬಳಸುವ ಸಂದರ್ಭ ಬರಲಿಲ್ಲ. ಉಗುರನ್ನು ಒಮ್ಮೆಲೇ ಗಿಡ್ಡ ಮಾಡುವ ಆತುರವೂ ಬೇಕಿಲ್ಲ, ವಾರವಾರವೂ ತುಸುವೇ ಕತ್ತರಿಸುತ್ತಿದ್ದರೆ ಕ್ವಿಕ್ ತಾನಾಗಿ ಹಿಂದೆ ಸರಿಯುತ್ತದೆ.

ಗಣೇಶ ಚತುರ್ಥಿಯ ನಂತರದ ವಾರ ಎಡ ಮುಂಗಾಲಿನ ಒಂದು ಉಗುರಿನ ತುದಿಯನ್ನು ಕತ್ತರಿಸಿದೆವು. ಗಂಗಿಯ ಗದ್ದ ಕಂಬಳಿಯ ಮೇಲೆಯೇ ಇತ್ತು. ಇನ್ನೊಂದನ್ನೂ ಮಾಡಿಬಿಡೋಣವೆಂಬ ಆಸೆ ಎಲ್ಲರಿಗೂ ಇತ್ತು, ಮಾಡಲಿಲ್ಲ. ಅವಳಿಗೆ ಸಾಕೆನಿಸುವ ಮೊದಲೇ ಮುಗಿಸುವುದು ನಾವು ಆರಂಭದಲ್ಲೇ ಒಪ್ಪಿಕೊಂಡ ನಿಯಮ. ಮುಂಗಾಲಿನ ಉಳಿದ ಉಗುರುಗಳ ಸವೆತಕ್ಕೆ ಹಲಗೆಯೊಂದಕ್ಕೆ ಉಪ್ಪುಕಾಗದ ಅಂಟಿಸಿ, ಅದನ್ನು ಕೆರೆಯುವುದನ್ನು ಕಲಿಸಿದ್ದೇವೆ. ಈ ಕೆಲಸವನ್ನು ಅವಳು ಆಟದಂತೆ ಉತ್ಸಾಹದಿಂದ ಮಾಡುತ್ತಾಳೆ. ಆದರೆ ನೆಲ ಮುಟ್ಟದ ಒಳಬದಿಯ ಉಗುರು ಹಲಗೆಗೂ ತಾಗುವುದಿಲ್ಲ, ಅದನ್ನು ಕತ್ತರಿಸಲೇಬೇಕು.

ನವೆಂಬರ್

ದೀಪಾವಳಿಯ ಪಟಾಕಿ ಸದ್ದಿಗೆ ಗಂಗಿ ಮಂಚದ ಕೆಳಗೆ ಸೇರಿಕೊಂಡಳು. ಆಮೇಲೆ ಹಲವು ದಿನ ಕತ್ತರಿಯ ಕಟಕ್ ಸದ್ದಿಗೂ ಬೆಚ್ಚಿದಳು. ಹೆದರಿದ ನಾಯಿಗೆ ಒಂದು ಸದ್ದಿನ ಅಂಜಿಕೆ ಇನ್ನೊಂದಕ್ಕೆ ಹರಡುವುದು ಸಹಜ. ನಾವು ಶಾವಿಗೆಗೆ ಮರಳಿದೆವು, ಭುಜದ ಸ್ಪರ್ಶಕ್ಕೂ ಮರಳಿದೆವು. ಹಿಂದಿನ ಮೆಟ್ಟಿಲುಗಳನ್ನು ಎರಡನೆಯ ಬಾರಿ ಹತ್ತಲು ಮೊದಲಿನಷ್ಟು ಸಮಯ ಬೇಕಾಗಲಿಲ್ಲ.

ಜನವರಿ

ಈಗಿನ ಸ್ಥಿತಿ ಹೀಗಿದೆ. ಮುಂಗಾಲಿನ ಎಲ್ಲ ಉಗುರುಗಳನ್ನು, ಒಳಬದಿಯವನ್ನೂ ಸೇರಿಸಿ, ಒಂದು ಸಂಜೆಗೆ ಒಂದು ಕಾಲಿನಂತೆ ಕತ್ತರಿಸಬಹುದು. ಹಿಂಗಾಲಿನಲ್ಲಿ ಬಲಗಡೆಯದು ಆಗುತ್ತದೆ, ಎಡಗಡೆಯದಕ್ಕೆ ಗದ್ದ ಎತ್ತುತ್ತಾಳೆ. ನೋವೇನಾದರೂ ಇದೆಯೇ ಎಂದು ವೈದ್ಯರಿಗೆ ತೋರಿಸಲಿದ್ದೇವೆ, ಏಕೆಂದರೆ ಒಂದೇ ಜಾಗದ ನಿರಾಕರಣೆಗೆ ಎಷ್ಟೋ ಸಲ ಕೀಲುನೋವೇ ಕಾರಣವಾಗಿರುತ್ತದೆ. ಕಿವಿಯ ಹೊರಮಡಿಕೆಯನ್ನು ಒದ್ದೆ ಹತ್ತಿಯಿಂದ ಒರೆಸಲು ಬಿಡುತ್ತಾಳೆ. ನಾಯಿಯ ಕಿವಿನಾಳ ಮೊದಲು ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುವುದರಿಂದ ಹತ್ತಿಕಡ್ಡಿ ತೂರಿಸಿದರೆ ಕೊಳೆ ಇನ್ನೂ ಆಳಕ್ಕೆ ಹೋಗುತ್ತದೆ, ಹಾಗಾಗಿ ಕಣ್ಣಿಗೆ ಕಾಣುವಷ್ಟೇ ನಮ್ಮ ವ್ಯಾಪ್ತಿ. ಎತ್ತಿಗೆ ಕಟ್ಟುವ ಬಾಯಿಕುಕ್ಕೆಯನ್ನು ಹೋಲುವ, ಬಾಯಿ ತೆರೆದು ಉಸಿರಾಡಲು ಅವಕಾಶವಿರುವ ಮೂತಿಬುಟ್ಟಿಗೂ ಅವಳು ತಾನಾಗಿ ಮೂತಿ ತೂರಿಸುತ್ತಾಳೆ. ಅಪಘಾತದಂಥ ತುರ್ತಿನಲ್ಲಿ ಅದು ಬೇಕಾಗಬಹುದು.

ಮುಂದಿನ ಪಾಠ ರಕ್ತಪರೀಕ್ಷೆಯದು. ಮುಂಗಾಲಿನ ರಕ್ತನಾಳದಿಂದ ಮಾದರಿ ತೆಗೆಯುವಾಗ ವೈದ್ಯರು ಮೊಣಕೈ ಬಳಿ ಒತ್ತಿ ಹಿಡಿಯುತ್ತಾರೆ, ಕೂದಲು ಬೋಳಿಸುತ್ತಾರೆ, ಸ್ಪಿರಿಟ್ ಹಚ್ಚುತ್ತಾರೆ, ಆಮೇಲೆ ಚುಚ್ಚುತ್ತಾರೆ. ಈ ನಾಲ್ಕನ್ನೂ ಬೇರೆ ಬೇರೆಯಾಗಿ ಕಲಿಸಿ ಆಮೇಲೆ ಜೋಡಿಸಬೇಕು. ಸ್ಪಿರಿಟ್ಟಿನ ವಾಸನೆಯನ್ನು ಈ ವಾರ ಆರಂಭಿಸಿದ್ದೇವೆ. ಕೂದಲು ಬೋಳಿಸುವ ಯಂತ್ರದ ಸದ್ದು ಸದ್ಯಕ್ಕೆ ಅಂಗಳದ ಆ ತುದಿಯಿಂದ, ಬಾಗಿಲು ಮುಚ್ಚಿಕೊಂಡು.